ಕರೆಂಟ್ ಹೋಗದ ಮನೆ

ವನಗೂರಿನ ಶಾಂತಮಲ್ಲಪ್ಪನ ಮನೆಗೆ ಕರೆಂಟು ಹೊಸ ಅಳಿಯನಿದ್ದ ಹಾಗೆ. ಬಂದರೆ ಸಂಭ್ರಮ, ಯಾಕೆ ಎದ್ದು ಹೊರಟೆ ಎಂದು ಕೇಳುವಂತಿಲ್ಲ. ಹೆಂಡತಿ ಕಮಲಮ್ಮ ಮಿಕ್ಸಿಗೆ ಕೈ ಹಾಕಿದಳೋ, ಹೋಯಿತು. ಕೊನೆಗೂ ಆತ ಸಕಲೇಶಪುರದ ಆಸಿಮ್‌ಗೆ ಸೋಲಾರ್ ಹಾಕಲು ಹೇಳಿದ.

ಬೆಳಿಗ್ಗೆ ಜೀಪಿಗೆ ಸಾಮಾನು ಹೇರುತ್ತಲೇ ಆಸಿಮ್ ಫೋನು ಮಾಡಿದ. “ಅಣ್ಣಾ, ಬ್ಯಾಟ್ರಿನೂ ತರ್ಲಾ?”

“ಬ್ಯಾಡ ಮಾರಾಯ, ಮನೇಲಿ ಎರಡು ಐತೆ.”

“ಕರೆಂಟ್ ಹೋದ್ರೆ ಅದರಲ್ಲೇ ನಡೀತೈತಾ?”

“ಇಷ್ಟು ವರ್ಷ ಅದರಲ್ಲೇ ನಡ್ಕೊಂಡ್ ಬಂದಿರೋದು. ನೀನ್ ಬಾ ಮೊದ್ಲು.”

ಜಗಲಿಯಲ್ಲಿ ಕಾಫಿ ಹೀರುತ್ತಿದ್ದ ಪಕ್ಕದ ಮನೆಯ ಲಕ್ಕಯ್ಯ ಮೇಲೆ ನೋಡಿದ. “ಈ ಹಲಸಿನ ನೆರಳಲ್ಲಿ ಸೋಲಾರಾ? ಕೋಳಿ ಮೇಲೆ ಬುಟ್ಟಿ ಮುಚ್ಚಿ ಹಾರು ಅಂದಂಗಾಯ್ತು ಕಣೋ. ಕಡ್ದಾಕ್ಬುಡು.”

ಆ ಹಲಸು ಕಮಲಮ್ಮನದು. ಮದುವೆಯಾಗಿ ಬಂದ ವರ್ಷ ಆಲೂರಿನ ತವರಿನಿಂದ ಸೆರಗಿನ ತುದಿಗೆ ಕಟ್ಟಿ ತಂದ ಬೀಜ. ಮರದೊಳಗೊಬ್ಬ ಮುದುಕಿ ಇದ್ದಾಳೆ, ಮಧ್ಯಾಹ್ನ ಇಳಿದು ಬಂದು ಅಂಗಳದಲ್ಲಿ ನೆರಳು ಹಾಸಿ ಮಲಗುತ್ತಾಳೆ, ತುಳಿಯಬೇಡಿ ಎಂದು ಮಕ್ಕಳಿಗೆ ಕತೆ ಹೇಳಿ ಉಣ್ಣಿಸಿದವಳು ಅವಳು.

“ಎರಡು ಕೊಂಬೆ ಸವರಿದ್ರೆ ಸಾಲ್ದಾ?” ಎಂದಳು ಕಮಲಮ್ಮ.

“ಸವರಿದ್ರೆ ಮತ್ತೆ ಚಿಗುರ್ತೈತೆ ಕಣವ್ವ,” ಬೇಲಿಯಾಚೆಯ ಮನೆಯ ರಾಜಲಕ್ಷ್ಮಮ್ಮನ ದನಿ. “ಬುಡಕ್ಕೇ ಹಾಕ್ಸಿ. ನಮ್ಮ ಹಿತ್ತಲಿಗೂ ಬಿಸಿಲು ಬೀಳ್ಲಿ, ಮೆಣಸು ಒಣಗಾಕ್ತೀನಿ.”

ಶಾಂತಮಲ್ಲಪ್ಪ ಹೆಂಡತಿಯ ಎದುರು ನಿಂತ. “ಇನ್ಮೇಲೆ ಈ ಮನೇಲಿ ಕರೆಂಟ್ ಹೋಗಾಕಿಲ್ಲ ಕಣೆ. ನನ್ನಾಣೆ.”

ಕಮಲಮ್ಮ ಮರವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು. “ಹಂಗಾದ್ರೆ ಕಡೀರಿ. ಆಡಿದ ಮಾತು ಮಾತ್ರ ಉಳಿಸ್ಕೊಳ್ಳಿ.” ಒಳಗೆ ಹೋಗಿ ಅಂಗಳದ ಕಡೆಯ ಕಿಟಕಿ ಮುಚ್ಚಿಕೊಂಡಳು.

ಲಕ್ಕಯ್ಯ ಗರಗಸದ ಮಿಷನ್ನು ತಂದ. ಅಷ್ಟು ವರ್ಷ ಬೆಳೆದ ಮರ ಬೀಳುವುದಕ್ಕೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಬೇಕಾಗಲಿಲ್ಲ. ಎಳೆಗಾಯಿಗಳು ಅಂಗಳದ ತುಂಬ ಉರುಳಿದವು. ಒಂದು ಮಾತ್ರ ಶಾಂತಮಲ್ಲಪ್ಪನ ಕಾಲ ಬಳಿ ಬಂದು, ಏನೋ ಕೇಳಬೇಕು ಎನ್ನುವಂತೆ ನಿಂತಿತು.

ಹಿಂದೊಮ್ಮೆ ಬಂದು ಜಾಗ ನೋಡಿಕೊಂಡು ಹೋಗಿದ್ದ ಆಸಿಮ್ ಜೀಪು ಇಳಿದು ಸುತ್ತ ನೋಡಿದ. “ಮರ ಎಲ್ಲಣ್ಣಾ?”

“ನಿನ್ನ ಪ್ಯಾನೆಲ್‌ಗೆ ಅಂತ್ಲೇ ಕಡ್ಸಿದ್ದು.”

“ಅಯ್ಯೋ, ಈ ಹಳೇ ಹಂಚಿನ ಮೇಲೆ ಯಾರಣ್ಣ ಹಾಕ್ತಾರೆ? ನಾವು ಹಾಕೋದು ಅಗೋ, ಆಚೆ ಕಾಫಿ ಸ್ಟೋರಿನ ಶೀಟ್ ಮೇಲೆ!”

ಕಾಫಿ ಸ್ಟೋರು ಅಂಗಳದ ಆ ತುದಿಯಲ್ಲಿ, ಹಲಸಿನ ನೆರಳು ಎಂದೂ ಮುಟ್ಟದ ಬಯಲಿನಲ್ಲಿ ನಿಂತಿತ್ತು. ಲಕ್ಕಯ್ಯ ಗರಗಸದ ಹಲ್ಲು ಎಣಿಸುತ್ತ ಕೂತ.

ಮಧ್ಯಾಹ್ನದ ಹೊತ್ತಿಗೆ ಪ್ಯಾನೆಲ್ಲು ಏರಿತು, ಕಂಬದ ಲೈನಿಗೆ ವೈರು ಸೇರಿತು. ಕಮಲಮ್ಮ ಪಾಯಸಕ್ಕೆ ಕಾಯಿ ರುಬ್ಬಲು ಮಿಕ್ಸಿಯನ್ನು ಜಗಲಿಗೇ ತಂದಳು. ಅದು ಗುರ್ ಎಂದು, ಗಕ್ಕನೆ ನಿಂತಿತು.

“ಕರೆಂಟ್ ಹೋಗ್ಬುಡ್ತು!” ಎಂದಳು ಬೇಲಿ ದಾಟಿ ನೋಡಲು ಬಂದಿದ್ದ ರಾಜಲಕ್ಷ್ಮಮ್ಮ.

“ಹೋಗ್ಲಿ ಬುಡವ್ವ, ಇನ್ನು ನಮ್ಮದೇ ಸೋಲಾರ್!” ಶಾಂತಮಲ್ಲಪ್ಪ ಎದೆಯುಬ್ಬಿಸಿದ. ಎಲ್ಲರೂ ಜಗಲಿಯ ಬಲ್ಬನ್ನೇ ನೋಡಿದರು. ಮೇಲೆ ಸೂರ್ಯ ಧಗಧಗ ಉರಿಯುತ್ತಿದ್ದ. ಬಲ್ಬು ಉರಿಯಲಿಲ್ಲ. ಮಿಕ್ಸಿ ಮಿಸುಕಲಿಲ್ಲ.

“ಏನೋ ಇದು, ಆಸಿಮ್?”

“ಬ್ಯಾಟ್ರಿ ಇಲ್ದಿರೋ ಸೋಲಾರ್ ಹಿಂಗೇ ಅಣ್ಣಾ. ಲೈನ್ ಹೋದ್ರೆ ಇದೂ ನಿಂತೋಗ್ತೈತೆ. ಇಲ್ಲಾಂದ್ರೆ ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೀತೈತಲ್ಲ? ಅದಕ್ಕೇ ನಾನು ಕೇಳಿದ್ದು. ಒಳಗೆ ನಿಮ್ದು ಎರಡು ಬ್ಯಾಟ್ರಿ ಐತಲ್ಲ, ಅದಕ್ಕೆ ಬದಲಾಯಿಸ್ಕೊಳ್ಳಿ. ಎಲ್ಲಿ ಇಟ್ಟಿದ್ದೀರ?”

ಕಮಲಮ್ಮ ಒಳಹೋದಳು. ದಿಂಬಿನ ಕೆಳಗಿನದೊಂದು, ಗೂಡಿನಲ್ಲಿದ್ದದ್ದೊಂದು ತಂದು ಗಂಡನ ಕೈಗಿಟ್ಟಳು.

ಆಸಿಮ್ ಹಣೆ ಒರೆಸಿಕೊಂಡ. “ಅಣ್ಣಾ... ಇದು ಟಾರ್ಚು.”

“ಬ್ಯಾಟ್ರಿ ಕಣೋ,” ಶಾಂತಮಲ್ಲಪ್ಪನ ದನಿ ಕುಗ್ಗಿತ್ತು. “ನಮ್ಮಜ್ಜನ ಕಾಲದಿಂದ ನಾವು ಬ್ಯಾಟ್ರಿ ಅಂತ್ಲೇ ಅನ್ನೋದು.”

“ತಗಳ್ಳಿ,” ಎಂದಳು ಕಮಲಮ್ಮ. “ನಡೀರಿ ಅದರಲ್ಲೇ.”

ಅವನು ಒಂದರ ಗುಂಡಿ ಒತ್ತಿದ. ಹತ್ತಲಿಲ್ಲ. ಇನ್ನೊಂದು ಹತ್ತಿತು, ಅದನ್ನು ಹಲಸಿನ ಬುಡದ ಕಡೆ ಹಿಡಿದ. ಮುದುಕಿ ಮಲಗುತ್ತಿದ್ದ ಜಾಗದಲ್ಲಿ ಬಿಸಿಲು ಕಾಲು ಚಾಚಿ ಮಲಗಿತ್ತು. ಬ್ಯಾಟ್ರಿಯ ಬೆಳಕು ಬಿತ್ತೋ ಇಲ್ಲವೋ, ಯಾರಿಗೂ ಕಾಣಲಿಲ್ಲ.

ಕಾಣುವುದಕ್ಕೆ ಒಂದಿಷ್ಟು ನೆರಳು ಬೇಕಿತ್ತು.