ಹೇಳಿದ್ದನ್ನೆಲ್ಲ ಕೇಳುವ ನಮ್ಮ ಸ್ಟೋರೇಜ್ ಪೆಟ್ಟಿಗೆಯವರಿಗೆ

ಮಾನ್ಯ ಪೆಟ್ಟಿಗೆಯವರೇ,

ದೊಡ್ಡನೆಕ್ಕುಂದಿಯ ನಮ್ಮ ಮನೆಯ ಮೆಟ್ಟಿಲ ಕೆಳಗೆ, ವೈಫೈ ಡಬ್ಬಿಯ ಪಕ್ಕದಲ್ಲಿ ಬಿಜಯಂಗೈದು ಕುಳಿತಿರುವ ತಮಗೆ, ಈ ಮನೆಯ ಹಿರಿಸೊಸೆ ವೇಣಿಯ ಸವಿನಯ ನಮಸ್ಕಾರಗಳು. ಮೂರೂ ಅಂತಸ್ತಿನವರ ಫೋಟೊ, ವಿಡಿಯೊ, ಮನೆಪತ್ರಗಳೆಲ್ಲ ತಮ್ಮ ಹೊಟ್ಟೆಯಲ್ಲೇ ಇರುವುದರಿಂದ ತಮ್ಮನ್ನು ಏಕವಚನದಲ್ಲಿ ಬೈಯುವ ಧೈರ್ಯ ಯಾರಿಗೂ ಇಲ್ಲ, ನನಗೂ ಇಲ್ಲ.

ತಮ್ಮನ್ನು ಆರಿಸುವಾಗ ನಡೆದಷ್ಟು ಚರ್ಚೆ ನನ್ನನ್ನು ಈ ಮನೆಗೆ ಆರಿಸುವಾಗಲೂ ನಡೆದಿರಲಿಲ್ಲ. ಆನ್‌ಲೈನಿನಲ್ಲೇ ಇಡೋಣವೆಂದು ನನ್ನ ಯಜಮಾನರು ವಿಶ್ವನಾಥ್ ಹೇಳಿದರೆ, ಚಿಕ್ಕಮಾವ ನಲ್ಲಪ್ಪನವರು "ನಮ್ಮನೇದು ನಮ್ಮನೇಲೇ ಇರ್ಲಿ, ಕಂಡೋರ ಮನೇಲಿ ಯಾಕೆ?" ಎಂದು ಮಾತು ಮುಗಿಸಿದರು. ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ಮೈದುನ ಬಾಲಾಜಿ ತಮ್ಮನ್ನು ಹೊತ್ತು ತಂದು, "ಎರಡು ಡಿಸ್ಕ್ ಇದೆ ಅತ್ತಿಗೆ, ಒಂದು ಹೋದ್ರೆ ಇನ್ನೊಂದಿರುತ್ತೆ, ತಲೆನೇ ಕೆಡಿಸ್ಕೋಬೇಡಿ" ಎಂದ. ನಾವು ಯಾರೂ ಕೆಡಿಸಿಕೊಳ್ಳಲಿಲ್ಲ.

ತಮ್ಮ ನಿಷ್ಪಕ್ಷಪಾತದ ಪರಿಚಯ ನನಗಾದದ್ದು ಯುಗಾದಿಯ ಮರುದಿನ. ವಾರಗಿತ್ತಿ ಶಾಂತಿ ಮಾಡಿದ ಒಬ್ಬಟ್ಟಿನ ಫೋಟೊ ತೆಗೆದು, ಅದರ ಮೇಲೆ "ಅಮ್ಮಾ, ಇದು ಒಬ್ಬಟ್ಟೋ ಹೆಂಚಿನ ಚೂರೋ ಹೇಳು" ಎಂದು ಬರೆದು, ತಾಯಿಯೊಬ್ಬರಿಗೇ ಕಳಿಸಿದ್ದೆ. ತಾವು ಅದನ್ನು ನನ್ನ ಫೋನಿನಿಂದ ಸದ್ದಿಲ್ಲದೆ ಎತ್ತಿಕೊಂಡು, ಸಂಜೆ ಹಾಲಿನ ಟಿವಿಯಲ್ಲಿ ಸಮಸ್ತ ಕುಟುಂಬಕ್ಕೆ, ಶಾಂತಿಯ ತವರಿನವರೂ ಕೂತಿದ್ದಾಗ, ದೊಡ್ಡದಾಗಿ ತೋರಿಸಿದಿರಿ. ಆಮೇಲೆ ಶಾಂತಿಗೂ ನನಗೂ ನಡೆದ ಮಾತುಕತೆಯನ್ನು ತಾವು ರೆಕಾರ್ಡ್ ಮಾಡಿಕೊಳ್ಳಲಿಲ್ಲವೆಂಬುದಕ್ಕೆ ಆಭಾರಿ. ಆ ಸಿಟ್ಟಿನಲ್ಲಿ ನಾನು "ನನ್ನ ಫೋಟೊ ಇನ್ಮೇಲೆ ನನ್ನ ತವರಲ್ಲಿರ್ತವೆ" ಎಂದು ಎಲ್ಲರೆದುರಿಗೇ ಸಾರಿ, ಬೇರೆ ಡಿಸ್ಕೊಂದನ್ನು ತಮಗೆ ಜೋಡಿಸಿದೆ. ನನ್ನವನ್ನು ಮಾತ್ರ ಬೇರ್ಪಡಿಸುವುದು ಹೇಗೆಂದು ತಿಳಿಯದೆ ಇಡೀ ಮನೆಯನ್ನೇ ಅದಕ್ಕೆ ತುಂಬಿಕೊಂಡು, ಆನೇಕಲ್ಲಿನಲ್ಲಿರುವ ನನ್ನ ತಾಯಿ ಅನುಸೂಯಮ್ಮನವರಿಗೆ ಒಪ್ಪಿಸಿ ಬಂದೆ. ಮನೆಯವರೆಲ್ಲ ನಕ್ಕರು.

ಈಗ ಮುಖ್ಯ ದೂರಿಗೆ ಬರುತ್ತೇನೆ. ನನ್ನ ಮಾವ ಮುನಿಕೃಷ್ಣನವರು ಲೇತ್ ಮೆಶಿನ್ನಿನ ಸದ್ದಿನ ಮೇಲೂ ಕೇಳುವಂತೆ ಮಾತಾಡಿ ಬದುಕಿದವರು. ಪಾರ್ಶ್ವವಾಯು ಹೊಡೆದ ಮೇಲೆ ಅವರಿಗೆ ಮಾತು ಹೋಯಿತು. ಅದಕ್ಕೂ ಮುಂಚೆ ಅವರು ಹರಟಿದ್ದು, ಬೈದದ್ದು, ತಪ್ಪುತಪ್ಪಾಗಿ ಹಾಡಿದ್ದು, ಎಲ್ಲವನ್ನೂ ಕೂಡಿಸಿ ತಮ್ಮೊಳಗೆ ಇಟ್ಟಿದ್ದೆವು. ದಿನಾ ಸಂಜೆ ಅದನ್ನು ಟಿವಿಯಲ್ಲಿ ಹಾಕಿದರೆ, ಮಾವ ತಮ್ಮದೇ ದನಿಯನ್ನು ಕೇಳಿಕೊಂಡು, ಎಡಗೈಯಿಂದ ತೊಡೆ ತಟ್ಟಿಕೊಂಡು ನಗುತ್ತಿದ್ದರು.

ಕಳೆದ ತಿಂಗಳು ಚಿಕ್ಕಮಾವನವರು ಫೋನಿನಲ್ಲಿ ಜಾಗ ಮಾಡಿಕೊಳ್ಳಲೆಂದು ಕೈಗೆ ಸಿಕ್ಕಿದ್ದನ್ನೆಲ್ಲ ಅಳಿಸತೊಡಗಿದರು. ಆದರೆ ಆ ಫೋನಿನ ಮೂಲಕ ಅವರು ತೆರೆದಿದ್ದುದು ಫೋನಿನ ಫೋಟೊಗಳನ್ನಲ್ಲ, ತಮ್ಮನ್ನು. ಅಣ್ಣನ ಇಡೀ ಫೋಲ್ಡರನ್ನು ಅಳಿಸಿ ಎಂದರು. ತಾವು ಕ್ಷಣವೂ ತಡಮಾಡದೆ ಮೊದಲನೆಯ ಡಿಸ್ಕಿನಿಂದಲೂ ಅಳಿಸಿ, ಅದೇ ಶ್ರದ್ಧೆಯಿಂದ ಎರಡನೆಯದರಿಂದಲೂ ಅಳಿಸಿದಿರಿ. ಒಂದು ಡಿಸ್ಕ್ ಸತ್ತರೆ ಕಾಯುವ ತಾವು, ಬದುಕಿರುವ ಮನುಷ್ಯನೊಬ್ಬನ ಹೆಬ್ಬೆರಳಿನಿಂದ ಕಾಯಲಾರಿರೆಂದು ನಮಗೆ ಯಾರೂ ಹೇಳಿರಲಿಲ್ಲ. ಅಳಿಸಿದ್ದನ್ನು ಕೆಲದಿನ ಉಳಿಸಿಕೊಳ್ಳುವ ಸೌಲಭ್ಯವನ್ನು ಬಾಲಾಜಿಯೇ "ಜಾಗ ವೇಸ್ಟು" ಎಂದು ನಿಲ್ಲಿಸಿದ್ದನಂತೆ.

ಅಂದು ಸಂಜೆ ಟಿವಿ ಸುಮ್ಮನಿತ್ತು. ಮಾವ ಕೈಯೆತ್ತಿ ಅದರತ್ತ ತೋರಿಸಿದರು. ಮತ್ತೆ ತೋರಿಸಿದರು. ಚಿಕ್ಕಮಾವ ನೆಲ ನೋಡುತ್ತಾ, "ನಾನೇ ಕಣಮ್ಮ ಅಳಿಸ್ಬಿಟ್ಟಿದ್ದು, ಅಣ್ಣಂಗೆ ಏನಂತ ಹೇಳ್ಲಿ?" ಎಂದರು. ಆಗ ನೆನಪು ಮಾಡಿದವಳು ಶಾಂತಿ. "ಅಕ್ಕಾ, ನೀವು ಕೋಪ ಮಾಡ್ಕೊಂಡು ತವರಿಗೆ ಒಯ್ದ್ರಲ್ಲ, ಅದ್ರಲ್ಲಿ ಇರ್ಬೋದಾ?"

ಮರುದಿನ ಬೆಳಿಗ್ಗೆ ಅವಳೇ ಸ್ಕೂಟರ್ ಓಡಿಸಿದಳು. ನಾನು ಹಿಂದೆ ಕೂತೆ, ಆನೇಕಲ್ ಮುಟ್ಟಿದೆವು. "ಜೋಪಾನ" ಎಂಬ ನನ್ನ ಮಾತನ್ನು ಮನಸ್ಸಿಗೆ ಹಚ್ಚಿಕೊಂಡಿದ್ದ ಅಮ್ಮ, ಡಿಸ್ಕನ್ನು ರವಿಕೆ ಕಣದಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟು, ಶುಕ್ರವಾರಗಳಂದು ಅರಿಶಿನ ಕುಂಕುಮ ಏರಿಸುತ್ತಿದ್ದರು. ಅದನ್ನು ಒರೆಸಿ ತಂದುಕೊಟ್ಟಾಗ ಬಾಲಾಜಿ ತಾನೇ ಜೋಡಿಸಿದ. ಎಲ್ಲವೂ ಇತ್ತು.

ಮೊದಲು ಬಂದದ್ದು ಹಳೆಯ ವಿಡಿಯೊ. ನೀರಿನ ಮೋಟರು ಬಿಚ್ಚಿ ಹರಡಿಕೊಂಡಿದ್ದ ತಮ್ಮನಿಗೆ ಮಾವ ಗದರುತ್ತಿದ್ದರು: "ಏ ನಲ್ಲ, ಎಷ್ಟು ಸಲ ಯೋಳ್ಬೇಕೋ ನಿಂಗೆ? ಗೊತ್ತಿಲ್ದಿದ್ದನ್ನ ಮುಟ್ಬ್ಯಾಡ ಅಂತ!"

ಇಡೀ ಮನೆ ನಕ್ಕಿತು. ಮಾವ ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಚಿಕ್ಕಮಾವ ಅಣ್ಣನ ಪಕ್ಕ ಹೋಗಿ ಕೂತು, ಟಿವಿಯ ಕಡೆ ಕೈಮುಗಿದು, "ಆಯ್ತಣ್ಣ, ಮುಟ್ಟಲ್ಲ" ಎಂದರು.

ಆದಕಾರಣ ನನ್ನ ಕೋರಿಕೆ ಇಷ್ಟೇ: ಇನ್ನು ಮುಂದೆ ಈ ಮನೆಯ ಹಿರಿಯರು ಏನನ್ನಾದರೂ ಅಳಿಸಲು ಹೇಳಿದರೆ, ತಾವು ವಿನಯದಿಂದ ಎದ್ದು ನಿಂತು, ಮೊದಲು ಒಂದು ಲೋಟ ಕಾಫಿ ಕೊಟ್ಟು, ನಾಳೆ ನೋಡೋಣವೆಂದು ಹೇಳಿ ಕಳಿಸತಕ್ಕದ್ದು.

ತಮ್ಮ ಮೇಲೆ ಮುಕ್ಕಾಲು ಪಾಲು ವಿಶ್ವಾಸವನ್ನು ಇನ್ನೂ ಉಳಿಸಿಕೊಂಡಿರುವ,
ವೇಣಿ ವಿಶ್ವನಾಥ್

ಮರೆತ ಮಾತು: ಮಾವನ ದನಿ ತಮ್ಮೊಳಗಿಂದ ಮಾಯವಾಗಿದ್ದ ಅಷ್ಟೂ ಹೊತ್ತು ತಮ್ಮ ಹಣೆಯ ಮೇಲೆ ಹಸಿರು ದೀಪ ಉರಿಯುತ್ತಲೇ ಇತ್ತು. ಮುಂದಿನ ಸಲ ನಾಚಿಕೆಗಾದರೂ ಒಮ್ಮೆ ಕೆಂಪಾಗಿ.