ಅಂಡಮಾನಿನಲ್ಲಿ ಮಾವನ ಎಡೆ

ನಮ್ಮ ಸೋದರತ್ತೆಯನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿಬಂದವರಿಗೆ ಸರ್ಕಾರ ಶೌರ್ಯ ಪದಕ ಕೊಡಬೇಕು! ಉತ್ಪ್ರೇಕ್ಷೆ ಅನ್ನಿಸಿದರೆ ಬಸವೇಶ್ವರನಗರಕ್ಕೆ ಬನ್ನಿ, ಒಂದು ವಾರ ನಿಮ್ಮ ಜೊತೆ ಕಳಿಸಿಕೊಡುತ್ತೇನೆ.

ದಸರಾ ರಜಕ್ಕೆ ಅಂಡಮಾನ್ ಎಂದು ನನ್ನ ಹೆಂಡತಿ ಟಿಕೆಟ್ ಮಾಡಿಸಿದಳು. ಆಮೇಲೆ ಅತ್ತೆ ಕ್ಯಾಲೆಂಡರ್ ನೋಡಿ ಎದೆ ಹಿಡಿದುಕೊಂಡರು. ನಾವು ದ್ವೀಪದಲ್ಲಿರುವಾಗಲೇ ಮಹಾಲಯ ಅಮಾವಾಸ್ಯೆ! ತೀರಿಹೋದ ಮಾವನಿಗೆ ಎಲೆ ಹಾಕಿ ಎಡೆ ಇಡಬೇಕು, ಕಾಗೆ ಬಂದು ಮುಟ್ಟಬೇಕು, ಆಮೇಲೆಯೇ ನಮಗೆ ಊಟ. ಅತ್ತೆ ಇದನ್ನು ಒಂದು ವರ್ಷವೂ ತಪ್ಪಿಸಿದವರಲ್ಲ.

"ವಾಪಸ್ ಬಂದ್ಮೇಲೆ ಇಡಿ ಅತ್ತೆ," ಎಂದೆ.

"ಜೀವ ಇದ್ದಾಗ್ಲೇ ಊಟ ಲೇಟಾದ್ರೆ ತಟ್ಟೆ ತಳ್ತಿದ್ರು. ಈಗ ಒಂದ್ವಾರ ಕಾಯ್ತಾರಾ?"

ಸೂಟ್‌ಕೇಸಿನಿಂದ ನಮ್ಮ ಈಜುಬಟ್ಟೆಗಳು ಹೊರಬಿದ್ದವು. ಕಜ್ಜಾಯ, ಕೋಡುಬಳೆ, ವಿಜಯನಗರ ಮಾರ್ಕೆಟ್ಟಿನ ಬಾಳೆಎಲೆಯ ಸುರುಳಿ ಒಳಸೇರಿದವು. ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಡಬ್ಬಿ ತೆಗೆಸಿದ.

"ಏನಮ್ಮಾ ಇದು?"

"ನಮ್ಮನೆಯೋರ ಊಟ."

"ಅವರೆಲ್ಲಿ?"

"ತೀರ್ಕೊಂಡು ಆರು ವರ್ಷ ಆಯ್ತಪ್ಪಾ."

ಆತ ಡಬ್ಬಿ ಮುಚ್ಚಿ, ನನ್ನನ್ನು ಕನಿಕರದಿಂದ ನೋಡಿ, ಎಲ್ಲರನ್ನೂ ಬಿಟ್ಟುಬಿಟ್ಟ.

ಅಮಾವಾಸ್ಯೆಯ ದಿನ ಅತ್ತೆ ಹೋಟೆಲ್ ರೂಮಿನಲ್ಲಿ ಸಾಂಬ್ರಾಣಿ ಹಾಕಿದರು. ಫೈರ್ ಅಲಾರಂ ಬಡಿದುಕೊಂಡಿತು! ಅತಿಥಿಗಳು ಟವೆಲ್ಲಿನಲ್ಲೇ ಕೆಳಗೆ ಓಡಿದರು. ಮ್ಯಾನೇಜರ್ ಕೈಮುಗಿದು ನಮ್ಮನ್ನು ಹೊರಗಟ್ಟಿದ. ಎಲೆ, ಡಬ್ಬಿ ಹೊತ್ತು ಸಮುದ್ರದ ದಡಕ್ಕೆ ಬಂದರೆ ಧೋ ಎಂದು ಮಳೆ. ಅಲ್ಲಿದ್ದ ಒಂದೇ ಆಸರೆ, ಎರಡನೇ ಮಹಾಯುದ್ಧದಲ್ಲಿ ಜಪಾನಿನವರು ಕಟ್ಟಿದ ಕಾಂಕ್ರೀಟ್ ಬಂಕರ್. ಕೋಡುಬಳೆ ನೆನೆಯದಿರಲೆಂದು ಯಾವ ಸೇನೆ ತಾನೇ ಬಂಕರ್ ಕಟ್ಟಿಸುತ್ತದೆ?

ಬಂದೂಕು ತೂರಿಸುವ ಕಂಡಿಯ ಪಕ್ಕ ಮಾವನ ಎಲೆ ಬಿತ್ತು. ಮಳೆಯೂ ನಿಂತಿತು. ತೆಂಗಿನ ಮರದ ಮೇಲೆ ಕಾಗೆಗಳಿದ್ದವು, ಆದರೆ ಇಳಿಯಲಿಲ್ಲ. ನಮ್ಮ ಹೊಟ್ಟೆಯಂತೂ ತಾಳ ಹಾಕುತ್ತಿತ್ತು.

"ಇಲ್ಲಿ ಕಾಗೆ ಮೀನು ತಿನ್ನೋವು ಅತ್ತೆ. ಕೋಡುಬಳೆ ಬೆಲೆ ಅವಕ್ಕೇನು ಗೊತ್ತು!"

ಅತ್ತೆ ನಗಲಿಲ್ಲ. "ಇಷ್ಟು ದೂರ ಬರೋಕೆ ಅವರಿಗೆ ದಾರಿ ಗೊತ್ತಾಗ್ಲಿಲ್ವೇನೋ ಕಣೋ," ಎಂದರು. ನನಗೆ ನನ್ನ ಬಾಯಿಯ ಮೇಲೇ ಸಿಟ್ಟು ಬಂತು.

ಅತ್ತೆ ಬಂಕರಿನ ಗೋಡೆ ಸವರುತ್ತ ಕೇಳಿದರು, "ಇಲ್ಲಿ ಯಾರಿದ್ರು?"

"ಜಪಾನಿನ ಹುಡುಗರು. ಊರೋರನ್ನ ಹಿಂಸೆ ಮಾಡಿ ಕೊಂದ್ರಂತೆ. ಅವರಲ್ಲೂ ಎಷ್ಟೋ ಜನ ವಾಪಸ್ ಹೋಗ್ಲಿಲ್ಲ."

ಅತ್ತೆ ಉಳಿದಿದ್ದ ಎಲೆಯನ್ನು ಎರಡು ತುಂಡು ಮಾಡಿ ಮಾವನ ಎಲೆಯ ಆಚೆಗೊಂದು, ಈಚೆಗೊಂದು ಹಾಕಿದರು. "ಇದು ಸತ್ತ ಊರೋರಿಗೆ. ಇದು ಆ ಹುಡುಗರಿಗೆ."

"ಕೊಂದೋರಿಗೂ ಎಡೆನಾ?"

"ಅವರಮ್ಮಂದಿರಿಗೆ ಎಲೆ ಎಲ್ಲಿ ಹಾಕ್ಬೇಕು ಅಂತಾದ್ರೂ ಗೊತ್ತಿತ್ತೇನೋ?" ಎನ್ನುತ್ತ ಬಡಿಸಿದರು. "ನಿಮ್ಮ ಮಾವ ಯಾವತ್ತು ಒಬ್ಬರೇ ಉಂಡಿದ್ರು? ಪಂಕ್ತಿ ಆಯ್ತಲ್ಲ, ಇನ್ನು ಊಟಕ್ಕೆ ಕೂರ್ತಾರೆ ಬಿಡು."

ಆಮೇಲೆ ಅವರು ಕಾಗೆಯ ಕಡೆ ನೋಡಲೇ ಇಲ್ಲ. ಅತ್ತೆ ಆ ಹುಡುಗರ ಎಲೆಯ ಮುಂದೆ ಬಗ್ಗಿ, ಯಾರಿಗೋ ಮೆಲ್ಲಗೆ ಹೇಳಿದರು:

"ಉಣ್ಣಪ್ಪಾ. ನಿಮ್ಮಮ್ಮ ಮಾಡ್ದಂಗಿರಲ್ಲ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ."