ಗೂಬೆ ಗೆದ್ದಿತೋ, ನರಿ ಗೆದ್ದಿತೋ: ತಾನಾಗಿ ಓಡುವ ಟಿ.ವಿ.ಗೆ ಒಂದು ಬಿನ್ನಹ

ಟಿ.ವಿ.ಯೊಳಗೆ ಕುಳಿತು ಗಳಿಗೆಗೊಮ್ಮೆ "ಇನ್ನೂ ನೋಡುತ್ತಿದ್ದೀರಾ?" ಎಂದು ವಿಚಾರಿಸುವ ಮಾನ್ಯರೇ,

ಓಹಾಯೋದ ಮ್ಯಾನ್ಸ್‌ಫೀಲ್ಡ್‌ನಿಂದ ವೆಂಡೆಲ್ ಪ್ರೂಯಿಟ್ ಮಾಡುವ ಅನಂತ ನಮಸ್ಕಾರಗಳು. ಮಗಳು ನನ್ನ ಹುಟ್ಟುಹಬ್ಬಕ್ಕೆಂದು ತಮ್ಮನ್ನು ತಂದು ಕೂರಿಸಿದಂದಿನಿಂದ ತಾವು ನನ್ನ ಬಗ್ಗೆ ತೋರುತ್ತಿರುವ ಕಾಳಜಿಯನ್ನು ನನ್ನ ಡಾಕ್ಟರೂ ತೋರಿದವರಲ್ಲ. ತಮ್ಮ ಈ ಪ್ರಶ್ನೆಯನ್ನು ಹಿಂದೆ ನಮ್ಮಮ್ಮನೂ ಪ್ರತಿ ಶನಿವಾರ ಕೇಳುತ್ತಿದ್ದಳು. "ಇನ್ನೂ ನೋಡ್ತಾನೇ ಇದೀರಾ?" ಎಂದು ಅವಳು ಬಾಗಿಲಲ್ಲಿ ನಿಂತರೆ ಎದ್ದು ಅಂಗಳಕ್ಕೆ ಓಡುತ್ತಿದ್ದೆವು.

ಶನಿವಾರವೆಂದರೇನೆಂದು ತಮಗೆ ಗೊತ್ತಿರಲಾರದು, ಏಕೆಂದರೆ ತಮ್ಮಲ್ಲಿ ಎಲ್ಲ ದಿನವೂ ಎಲ್ಲ ಹೊತ್ತೂ ಎಲ್ಲವೂ ಇದೆ. ಹೊಟ್ಟೆ ತುಂಬಿದ ಮೇಲೆ ಹುಗ್ಗಿ ಮುಳ್ಳು ಎಂಬ ಮಾತನ್ನು ನಾನಂತೂ ತಮಗೆ ಹೇಳುವುದಿಲ್ಲ. ನಮಗಿದ್ದದ್ದು ವಾರಕ್ಕೊಂದೇ ಕಾರ್ಟೂನಿನ ಬೆಳಿಗ್ಗೆ, ಅದು ಶನಿವಾರದ್ದು. ಮಧ್ಯಾಹ್ನ ಗಾಲ್ಫ್ ಶುರುವಾಯಿತೆಂದರೆ ಎಲ್ಲ ಮುಗಿಯಿತು. ಮೊದಲು ಎದ್ದವರಿಗೆ ಚಾನೆಲ್ ತಿರುಗಿಸುವ ಅಧಿಕಾರ, ಆಮೇಲೆ ಎದ್ದವರಿಗೆ ಆಂಟೆನಾ ಹಿಡಿದು ನಿಲ್ಲುವ ಶಿಕ್ಷೆ. ಅಕ್ಕ ಡಾರ್ಲಾ ಗೆಲ್ಲುವುದಕ್ಕೆಂದೇ, ಹೆಜ್ಜೆ ಸದ್ದಾಗದಿರಲೆಂದು, ಸಾಕ್ಸ್ ಹಾಕಿಕೊಂಡು ಮಲಗುತ್ತಿದ್ದಳು. ಅವಳು ಕಾರ್ಪೆಟ್ಟಿನ ಮೇಲೆ ಬಣ್ಣದ ಸೀರಿಯಲ್ ಬಟ್ಟಲು ಹಿಡಿದು ರಾಣಿಯಂತೆ ಕೂತಿರುತ್ತಿದ್ದಳು. ತುದಿಗೆ ಅಡುಗೆಮನೆಯ ಫಾಯಿಲ್ ಸುತ್ತಿದ ಆಂಟೆನಾವನ್ನು ಹಿಡಿದು, ಕತ್ತು ಹೊರಳಿಸಿ, ಇಡೀ ಬಾಲ್ಯವನ್ನು ಓರೆಯಾಗಿ ನೋಡಿದವನು ನಾನು.

ಹೀಗೊಂದು ಶನಿವಾರ 'ಕ್ಯಾಪ್ಟನ್ ಗೂಬೆ'ಯ ಬಲೂನು ಪಂದ್ಯ ನಡೆದಿತ್ತು. ಗೂಬೆಯ ಬಲೂನೂ ನರಿಯ ಬಲೂನೂ ಒಟ್ಟಿಗೇ ಗೆಲುವಿನ ಗೆರೆಯ ಹತ್ತಿರ ಬಂದ ಹೊತ್ತಿಗೆ ಸರಿಯಾಗಿ, ಪಕ್ಕದ ಕೋಣೆಯಲ್ಲಿ ಅಮ್ಮ ವ್ಯಾಕ್ಯೂಮ್ ಕ್ಲೀನರ್ ಹಾಕಿದಳು. ಪರದೆಯ ತುಂಬ ಬರೀ ಗೆರೆ, ಗರಗರ ಸದ್ದು. ಅವಳು ಅದನ್ನು ಆರಿಸುವ ವೇಳೆಗೆ ಟೂತ್‌ಪೇಸ್ಟಿನ ಜಾಹೀರಾತು ಬರುತ್ತಿತ್ತು. ಆ ಕಂತು ಮತ್ತೆ ಪ್ರಸಾರವಾಗಲಿಲ್ಲ. ಗೆರೆಗಳ ನಡುವೆ ನರಿ ಗೆದ್ದದ್ದನ್ನು ಕಣ್ಣಾರೆ ಕಂಡೆನೆಂದು ಅಕ್ಕ ಹೇಳಿದಳು. ಗೂಬೆ ಗೆದ್ದದ್ದನ್ನು ನಾನು ಕಂಡಿದ್ದೆ.

ಮಾನ್ಯರೇ, ಆ ಜಗಳ ಇನ್ನೂ ಮುಗಿದಿಲ್ಲ. ಅಕ್ಕ ಈಗ ದೂರದ ಡುಲೂತ್‌ನಲ್ಲಿದ್ದಾಳೆ. ನಾವು ಕಷ್ಟಸುಖ ಮಾತಾಡಿಕೊಳ್ಳುವ ಜಾತಿಯವರಲ್ಲ. ಭಾವ ತೀರಿಕೊಂಡಾಗಲೂ ಹವಾಮಾನದ ಬಗ್ಗೆಯಷ್ಟೇ ಮಾತಾಡಿದೆವು. ಆದರೆ ಮುಂದಿನ ಶನಿವಾರ ಬೆಳಿಗ್ಗೆ ಫೋನ್ ಬಂತು, ಹಲೋ ಕೂಡ ಇಲ್ಲ: "ನರೀನೇ ಕಣೋ ಗೆದ್ದಿದ್ದು." ನನಗೆ ಎಷ್ಟು ಸಮಾಧಾನವಾಯಿತೆಂದರೆ ಬಾಯಿತುಂಬ ಬೈದೆ.

ಹೀಗಿರುವಲ್ಲಿ ತಾವು, ಯಾರೂ ಕೇಳದಿದ್ದರೂ, "ತಮಗಿದು ಇಷ್ಟವಾಗಬಹುದು" ಎಂದು ಕ್ಯಾಪ್ಟನ್ ಗೂಬೆಯ ಅಷ್ಟೂ ಕಂತುಗಳನ್ನು ನನ್ನ ಮುಂದೆ ಸುರಿದಿರಿ. ಅಕ್ಕನಿಗೆ ತಿಳಿಸಿದೆ. "ಲೋ ವೆಂಡೆಲ್, ಆ ಪಂದ್ಯದ ಕಂತು ಮಾತ್ರ ಮುಟ್ಟೀಯ, ಜೋಕೆ! ಅದು ಗೊತ್ತಾಗ್ಬಿಟ್ರೆ ನಿಂಗ್ಯಾಕೆ ಫೋನ್ ಮಾಡ್ಲಿ? ನಿನ್ನ ಮೊಣಕಾಲು ನೋವು ಕೇಳೋಕಾ?" ಎಂದಳು. ಮುಟ್ಟುವುದಿಲ್ಲವೆಂದು ಮಾತು ಕೊಟ್ಟೆ. ಅದರ ಹಿಂದಿನ ಕಂತನ್ನು ಮಾತ್ರ ನೋಡಿ, ಹಾಲು ತರಲು ಫ್ರಿಜ್ಜಿನವರೆಗೆ ಹೋದೆ. ನನಗೆ ಗುಂಡಿ ಒತ್ತುವ ಶ್ರಮವೂ ಆಗಬಾರದೆಂಬ ಕರುಣೆಯಿಂದ ತಾವೇ ಮುಂದಿನದನ್ನು ಹಚ್ಚಿದಿರಿ. ಹಾಲು ಸಿಗಲು ತಡವಾಯಿತು, ಮೊಣಕಾಲು ಬೇರೆ. ನಾನು ಬಂದಾಗ ಬಲೂನುಗಳು ಗೆರೆಯ ಮೇಲಿದ್ದವು. ಚಿತ್ರ ಕನ್ನಡಿಯಷ್ಟು ಸ್ವಚ್ಛ! ಅಂಥ ಗುಣಮಟ್ಟಕ್ಕೆ ತಮ್ಮನ್ನು ಅಭಿನಂದಿಸದಿದ್ದರೆ ಕೃತಘ್ನನಾದೇನು.

ಆದಕಾರಣ ತಮ್ಮಲ್ಲಿ ನನ್ನ ಸಣ್ಣ ಕೋರಿಕೆಗಳಿವೆ. ದಯವಿಟ್ಟು ಒಳ್ಳೆಯ ಎರಡು ಕಾರ್ಟೂನುಗಳನ್ನು ಒಂದೇ ಹೊತ್ತಿಗೆ ಹಾಕಿ, ಮಕ್ಕಳು ಕಿತ್ತಾಡಲಿ. ಮಧ್ಯಾಹ್ನಕ್ಕೆ ಸರಿಯಾಗಿ ಗಾಲ್ಫ್ ತೋರಿಸಿ ನಮ್ಮನ್ನು ಮನೆಯಿಂದಾಚೆ ಅಟ್ಟಿ. ಪ್ರತಿ ಕತೆಯ ಕೊನೆಗೂ ಯಾರದಾದರೂ ತಾಯಿಯ ವ್ಯಾಕ್ಯೂಮ್ ಕ್ಲೀನರ್ ಓಡಿಸುವ ಏರ್ಪಾಡಾಗಲಿ. ಮತ್ತು ನಾನು ನೋಡಿದ್ದನ್ನು ನೋಡಿಲ್ಲವೆಂದು ಮಾಡಿಕೊಡಿ. ಇಷ್ಟೆಲ್ಲ ಬಲ್ಲ ತಮಗೆ ಅದೇನು ಮಹಾ?

ಕಳೆದ ಶನಿವಾರ ಅಕ್ಕ ಎಂದಿನಂತೆ ನರಿಯ ಪರ ವಾದಿಸುತ್ತ ತಟ್ಟನೆ ನಿಲ್ಲಿಸಿ, "ನೀನು ನೋಡಿಲ್ಲ ತಾನೆ?" ಎಂದಳು. ಇಲ್ಲವೆಂದೆ. "ಸದ್ಯ," ಎಂದು ಉಸಿರುಬಿಟ್ಟು ಮತ್ತೆ ಬೈಯತೊಡಗಿದಳು.

ಆಂಟೆನಾ ಹಿಡಿದೇ ದೊಡ್ಡವನಾದ,
ತಮ್ಮ ವಿಶ್ವಾಸಿ,
ವೆಂಡೆಲ್ ಪ್ರೂಯಿಟ್

ತಾ.ಕ.: ಕಂತು ಮುಗಿದ ಮೇಲೆ "ಇಷ್ಟವಾಯಿತೇ?" ಎಂದು ಹೆಬ್ಬೆರಳು ತೋರಿಸಿದಿರಿ. ಇಲ್ಲ, ಇಷ್ಟವಾಗಲಿಲ್ಲ. ಗೆದ್ದದ್ದು ನರಿ. ಇದು ಬಹಿರಂಗ ಪತ್ರವಾದ್ದರಿಂದ ಇನ್ನೊಂದು ಮಾತು: ಡಾರ್ಲಾ, ನೀನೇನಾದರೂ ಇದನ್ನು ಓದುತ್ತಿದ್ದರೆ, ಹಿಂದಿನ ವಾಕ್ಯ ಅಚ್ಚಿನವರ ತಪ್ಪು. ಗೂಬೆಯೇ ಗೆದ್ದಿದ್ದು. ಶನಿವಾರ ಫೋನ್ ಮಾಡು, ಹೇಳುತ್ತೇನೆ.